ನಿಮ್ಮ ಅಂಗಡಿಗೇ ಯಾಕೆ ಬರಬೇಕು?

ಮೈಸೂರು, ಮಂಡ್ಯದ ಸಣ್ಣ ವ್ಯಾಪಾರಿಗಳ ಜೊತೆ ಕೂತು ಬೆಲೆ, ಲೆಕ್ಕ, ಮಾರಾಟದ ಬಗ್ಗೆ ಮಾತಾಡುವುದು ನನ್ನ ಕೆಲಸ. ಯಾರೇ ಬರಲಿ, ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಗಿರಾಕಿ ಬೇರೆ ಅಂಗಡಿಗಳನ್ನೆಲ್ಲ ಬಿಟ್ಟು ನಿಮ್ಮ ಹತ್ತಿರವೇ ಯಾಕೆ ಬರಬೇಕು? ಉತ್ತರ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. "ಕ್ವಾಲಿಟಿ ಚೆನ್ನಾಗಿದೆ ಸರ್. ರೇಟೂ ಕಡಿಮೆ. ಸರ್ವೀಸ್ ಚೆನ್ನಾಗಿ ಕೊಡ್ತೀವಿ."

ಇದರಲ್ಲಿ ಸುಳ್ಳೇನಿಲ್ಲ. ಆದರೆ ಇದೇ ಮಾತನ್ನು ಪಕ್ಕದ ಅಂಗಡಿಯ ಬೋರ್ಡಿನ ಮೇಲೆ ಬರೆದರೆ ಅಲ್ಲಿಗೂ ಸರಿಹೋಗುತ್ತದೆ, ಅಲ್ವಾ? ಎದುರು ಅಂಗಡಿಗೂ ಸರಿಹೋಗುತ್ತದೆ. ಎಲ್ಲರಿಗೂ ಒಪ್ಪುವ ಮಾತಿನಿಂದ ಯಾವ ಗಿರಾಕಿಯೂ ರಸ್ತೆ ದಾಟಿ ನಿಮ್ಮ ಕಡೆ ಬರುವುದಿಲ್ಲ.

ನಿಮ್ಮ ಹತ್ತಿರವೇ ಯಾಕೆ ಬರಬೇಕು ಎಂಬುದರ ಉತ್ತರಕ್ಕೆ ವ್ಯಾಪಾರದ ಭಾಷೆಯಲ್ಲಿ ವ್ಯಾಲ್ಯೂ ಪ್ರೊಪೊಸಿಷನ್ ಅನ್ನುತ್ತಾರೆ. 1988ರಲ್ಲಿ ಮೆಕಿನ್ಸಿ ಎಂಬ ಸಲಹಾ ಕಂಪನಿಯಲ್ಲಿದ್ದ ಮೈಕೆಲ್ ಲ್ಯಾನಿಂಗ್ ಮತ್ತು ಎಡ್ವರ್ಡ್ ಮೈಕೆಲ್ಸ್ ಈ ವಿಚಾರವನ್ನು ಒಂದು ಲೇಖನದಲ್ಲಿ ಬಿಡಿಸಿ ಬರೆದರು. ಯಾರಿಗೆ ಮಾರುತ್ತೀರಿ, ಅವರಿಗೆ ಏನು ಉಪಯೋಗ, ಅದಕ್ಕೆ ಎಷ್ಟು ಬೆಲೆ. ಈ ಮೂರೂ ಸೇರಿದರೆ ಒಂದು ವಾಗ್ದಾನ. ಆಮೇಲೆ ಎಷ್ಟೋ ನಕ್ಷೆಗಳು, ಚೌಕಗಳು, ತರಬೇತಿಗಳು ಬಂದವು. ದೊಡ್ಡ ಕಂಪನಿಗಳಿಗೆ ಅವು ಬೇಕಾಗಬಹುದು. ಸಣ್ಣ ವ್ಯಾಪಾರಕ್ಕೆ ನನಗೆ ಹೆಚ್ಚು ಕೆಲಸಕ್ಕೆ ಬಂದಿರುವುದು ಇನ್ನೂ ಸರಳವಾದ ಒಂದು ಪ್ರಶ್ನೆ: ನಾಳೆ ನಿಮ್ಮ ಅಂಗಡಿ ಇಲ್ಲದಿದ್ದರೆ ನಿಮ್ಮ ಗಿರಾಕಿ ಏನು ಮಾಡುತ್ತಾರೆ?

ಮದ್ದೂರನ್ನೇ ನೋಡಿ. ಮದ್ದೂರು ವಡೆಗೆ ಹೆಸರು ಬಂದದ್ದು ರೈಲ್ವೆ ಸ್ಟೇಷನ್ನಿನಿಂದ. ಅಕ್ಕಿ ಹಿಟ್ಟು, ಮೈದಾ, ರವೆಗೆ ಈರುಳ್ಳಿ ಹಾಕಿ ತಟ್ಟಿ ಕರಿದ ವಡೆ ಬೇಗ ಮೆತ್ತಗಾಗುವುದಿಲ್ಲ. ಎಲೆ, ಪ್ಲೇಟು ಬೇಡ. ಕಿಟಕಿಯಿಂದ ಕೈ ಚಾಚಿ ತಗೊಂಡು ತಿನ್ನಬಹುದು, ಮನೆಗೂ ಕಟ್ಟಿಸಿಕೊಳ್ಳಬಹುದು. ರೈಲಿನಲ್ಲಿ ಕೂತವನಿಗೆ ಆಗ ಇನ್ನೊಂದು ದಾರಿ ಏನಿತ್ತು? ಹಸಿದುಕೊಂಡು ಕೂರುವುದು. ಅವನಿಗೆ ಆ ವಡೆ ಎಷ್ಟು ಬೇಕಿತ್ತು ಎಂದು ಯಾರೂ ವಿವರಿಸಬೇಕಾಗಿಲ್ಲ.

ಮುಂದೆ ಬೆಂಗಳೂರು–ಮೈಸೂರು ರಸ್ತೆಯಲ್ಲಿ ಕಾರು, ಬಸ್ಸು ಜಾಸ್ತಿಯಾದವು. ಮೂರು ಗಂಟೆಯ ಪ್ರಯಾಣದ ನಡುವೆ ಮದ್ದೂರು ಸಿಗುತ್ತಿತ್ತು. ಜನ ಅಲ್ಲಿ ನಿಲ್ಲಿಸಿ ವಡೆ ತಿಂದರು, ಕಾಫಿ ಕುಡಿದರು, ಮಕ್ಕಳನ್ನು ಶೌಚಾಲಯಕ್ಕೆ ಕರೆದೊಯ್ದರು, ಕಾಲು ಚಾಚಿ ಐದು ನಿಮಿಷ ನಿಂತರು. 2023ರ ಮಾರ್ಚ್‌ನಲ್ಲಿ 118 ಕಿ.ಮೀ.ನ ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವೂ ಬೈಪಾಸ್ ಆದವು. ಪ್ರಯಾಣ ಅರ್ಧಕ್ಕೆ ಇಳಿಯಿತು. ಹಳೆ ರಸ್ತೆಯ ಎಷ್ಟೋ ಹೋಟೆಲ್‌ಗಳಲ್ಲಿ ಟೇಬಲ್ಲುಗಳು ಖಾಲಿಯಾದವು.

ವಡೆಯ ರುಚಿ ಒಂದು ಚೂರೂ ಕೆಟ್ಟಿರಲಿಲ್ಲ. ಅದಕ್ಕೇ ಈ ವಿಷಯ ನನ್ನನ್ನು ಇಷ್ಟು ಕಾಡುತ್ತದೆ. ಕಷ್ಟಪಟ್ಟು ದುಡಿದವರು, ಅಡುಗೆಯಲ್ಲಿ ಏನೂ ಕಡಿಮೆ ಮಾಡದವರು ಪೆಟ್ಟು ತಿಂದರು. ಗಿರಾಕಿ ವಡೆಯ ಜೊತೆಗೆ ವಿಶ್ರಾಂತಿಯನ್ನೂ ಕೊಳ್ಳುತ್ತಿದ್ದರು. ವಿಶ್ರಾಂತಿಯ ಅಗತ್ಯ ಹೋದಾಗ ಬರೀ ವಡೆಗಾಗಿ ಹೆದ್ದಾರಿಯಿಂದ ಕೆಳಗಿಳಿಯುವವರು ಕಡಿಮೆಯಾದರು. ಇನ್ನು ಅಲ್ಲಿ ಹೋಟೆಲ್ ನಡೆಸುವವರು ಮದ್ದೂರಿನ ಜನಕ್ಕೇ ಏನು ಕೊಡಬಹುದು, ಮೈಸೂರಿನ ಮದುವೆ ಮನೆಗೆ ವಡೆ ಕಳಿಸಬಹುದಾ ಎಂದು ಹೊಸದಾಗಿ ಯೋಚಿಸಬೇಕು. ಎರಡೂ ಬೇರೆ ಗಿರಾಕಿ, ಬೇರೆ ವಾಗ್ದಾನ.

ಬೆಲ್ಲದ ವಿಷಯಕ್ಕೆ ಬರುತ್ತೇನೆ, ಮಂಡ್ಯದಲ್ಲಿ ಅದನ್ನು ಬಿಟ್ಟು ಮಾತಾಡಲು ಆಗುವುದಿಲ್ಲ. ಒಂದು ಆಲೆಮನೆಯ ಅಣ್ಣತಮ್ಮಂದಿರು ಪ್ಯಾಕೆಟ್ ಮಾಡಿ ತಾವೇ ಮಾರಬೇಕು ಎಂದು ಬಂದರು. ಮಂಡಿಗೆ ಹಾಕಿದರೆ ಆ ದಿನದ ರೇಟಿಗೆ ತಲೆಬಾಗಬೇಕು. ಅವರ ಲೇಬಲ್ ಮೇಲೆ "ಶುದ್ಧ, ಸಾವಯವ, ಕೆಮಿಕಲ್ ಇಲ್ಲದ ಮಂಡ್ಯ ಬೆಲ್ಲ" ಎಂದಿತ್ತು. ನಾನು ಕೇಳಿದೆ, ಸಾವಯವ ಅನ್ನುವುದಕ್ಕೆ ಪ್ರಮಾಣಪತ್ರ ಇದೆಯಾ? ಇರಲಿಲ್ಲ. ಹಾಗಾದರೆ ಅಂಗಡಿಗೆ ಹೋಗುವ ಪ್ಯಾಕೆಟ್ ಮೇಲೆ ಆ ಮಾತು ಇರಬಾರದು. ಕೆಮಿಕಲ್ ಇಲ್ಲ ಅನ್ನುವುದನ್ನು ಗಿರಾಕಿ ಹೇಗೆ ನಂಬಬೇಕು? ಹೈಡ್ರೋಸ್ ಎಂಬ ಬಣ್ಣ ತಿಳಿ ಮಾಡುವ ಕೆಮಿಕಲ್ ಹಾಕಿದರೆ ಬೆಲ್ಲ ಹಳದಿಯಾಗಿ ಹೊಳೆಯುತ್ತದೆ, ಹಾಕದಿದ್ದರೆ ಕಂದು ಬಣ್ಣಕ್ಕೆ ಬರುತ್ತದೆ ಎಂಬುದು ಈಗ ತುಂಬಾ ಜನಕ್ಕೆ ಗೊತ್ತು. ಆದರೆ ಕಂದು ಬಣ್ಣ ಒಂದರಿಂದಲೇ ಏನೂ ಸಾಬೀತಾಗುವುದಿಲ್ಲ. ಜೊತೆಗೆ, ಬಜಾರಿನ ಪ್ರತಿ ಎರಡನೇ ಪ್ಯಾಕೆಟ್ ಇದೇ ಮಾತು ಹೇಳುತ್ತದೆ.

"ಹೋಗಲಿ, ಈಗ ನಿಮ್ಮ ಬೆಲ್ಲ ಹುಡುಕಿಕೊಂಡು ಬರುವವರು ಯಾರು?" ಎಂದೆ. ಅಣ್ಣ ಸ್ವಲ್ಪ ಯೋಚಿಸಿ, ಮೈಸೂರು ಕಡೆ ಬೆಲ್ಲದ ಟೀ ಮಾರುವ ಇಬ್ಬರು ಪ್ರತಿ ವಾರ ಬರುತ್ತಾರೆ ಎಂದರು. ಮಾತು ಅಲ್ಲಿ ದಾರಿಗೆ ಬಂತು.

ಬೆಲ್ಲದ ಟೀ ಮಾಡುವವರ ದೊಡ್ಡ ಕಷ್ಟ ಹಾಲು ಒಡೆಯುವುದು. ಬೆಲ್ಲದಲ್ಲಿ ಹುಳಿ ಇದ್ದರೆ ಬಿಸಿ ಹಾಲು ಒಡೆಯುತ್ತದೆ. ಬೆಳಿಗ್ಗೆ ಜನ ತುಂಬಿದಾಗ ಒಂದು ಪಾತ್ರೆ ಟೀ ಚೆಲ್ಲಿದರೆ ಹಾಲಿನ ದುಡ್ಡೂ ಹೋಯಿತು, ಕಾಯುತ್ತಿದ್ದ ಗಿರಾಕಿಯೂ ಹೋದರು. ಹುಳಿ ಇಲ್ಲದ ಬೆಲ್ಲ ಸಿಗದಿದ್ದರೆ ಏನು ಮಾಡುತ್ತಾರೆ? ಬೆಲ್ಲದ ನೀರು ಬೇರೆ ಕುದಿಸಿ, ಒಲೆ ಆರಿಸಿ, ಕೊನೆಗೆ ಹಾಲು ಸೇರಿಸುತ್ತಾರೆ. ಇಲ್ಲವೇ ಸಕ್ಕರೆಗೆ ವಾಪಸ್ ಹೋಗುತ್ತಾರೆ. ಅಂದರೆ ಅವರ ಮಟ್ಟಿಗೆ ಈ ಆಲೆಮನೆಗೆ ಸ್ಪರ್ಧಿ ಇನ್ನೊಂದು ಆಲೆಮನೆಯಲ್ಲ, ಸಕ್ಕರೆ.

ಹುಳಿ ಬರುವುದು ಎಲ್ಲಿಂದ ಎಂದು ಅವರಿಗೇ ಚೆನ್ನಾಗಿ ಗೊತ್ತಿತ್ತು. ಕಡಿದ ಕಬ್ಬು ಗಾಣಕ್ಕೆ ಹೋಗದೆ ದಿನಗಟ್ಟಲೆ ಬಿದ್ದರೆ ಕಬ್ಬಿನ ಹಾಲು ಹುಳಿಯಾಗುತ್ತದೆ. ಅದನ್ನು ಕಾಯಿಸುವಾಗ ಹಾಕುವ ಸುಣ್ಣದ ಅಳತೆ ತಪ್ಪಿದರೂ ಕಷ್ಟ. ಮಳೆಗಾಲದಲ್ಲಿ ಬೆಲ್ಲ ತೇವ ಎಳೆದುಕೊಂಡರೂ ಕೆಡುತ್ತದೆ. ಹಾಗಾಗಿ ವಾಗ್ದಾನ ಹೀಗಾಯಿತು: ಟೀ ಅಂಗಡಿಗೆ ಹಾಲು ಒಡೆಯದ ಬೆಲ್ಲ, ಒಡೆದರೆ ಆ ದಿನದ ಹಾಲಿನ ದುಡ್ಡು ನಮ್ಮದು. ಬೆಲೆ ಮಂಡಿಗಿಂತ ಜಾಸ್ತಿ.

ಇದನ್ನು ಬರೆಯುವುದು ಸುಲಭ. ಉಳಿಸಿಕೊಳ್ಳಲು ಬೇಕಾದದ್ದು ಗಾಣದ ಹತ್ತಿರ ಇದೆ. ಕಡಿದ ದಿನವೇ, ತಪ್ಪಿದರೆ ಮರುದಿನವೇ ಅರೆಯಬೇಕು. ಹೊರಗಿನಿಂದ ಬಂದ ಹಳೆ ಕಬ್ಬನ್ನು ಈ ಬೆಲ್ಲಕ್ಕೆ ಸೇರಿಸಬಾರದು. ಪ್ರತಿ ಕೊಪ್ಪರಿಗೆಯ ಬೆಲ್ಲದಲ್ಲೂ ಒಂದು ಲೋಟ ಟೀ ಮಾಡಿ ನೋಡಿ ಆಮೇಲೆ ಪ್ಯಾಕ್ ಮಾಡಬೇಕು. ತಮ್ಮನಿಗೆ ಇದು ಮೊದಲು ಹಿಡಿಸಲಿಲ್ಲ. "ಅಷ್ಟು ದೊಡ್ಡ ಮಾರ್ಕೆಟ್ ಬಿಟ್ಟು ಬರೀ ಟೀ ಅಂಗಡೀನಾ ಸರ್?" ಎಂದ. ನನ್ನ ಅಭಿಪ್ರಾಯ ಖಚಿತ: ಹೌದು, ಮೊದಲು ಅಲ್ಲಿಂದಲೇ. ಎರಡು ನಿಮಿಷದಲ್ಲಿ ಗಿರಾಕಿ ಸ್ವತಃ ಪರೀಕ್ಷೆ ಮಾಡಿ ನೋಡಬಹುದಾದ ಮಾತು ಸಣ್ಣ ವ್ಯಾಪಾರಿಯ ಕೈಗೆ ಸುಲಭವಾಗಿ ಸಿಗುವುದಿಲ್ಲ. ಸಿಕ್ಕಾಗ ಬಿಡಬಾರದು.

ಮೈಸೂರಿನಲ್ಲಿ ಬ್ಲೌಸ್ ಹೊಲಿಯುವ ಹೆಣ್ಣುಮಗಳೊಬ್ಬರದು ಬೇರೆ ಥರದ ಕಥೆ. ಫಿಟ್ಟಿಂಗ್ ಚೆನ್ನಾಗಿ ಮಾಡುತ್ತಾರೆ, ಆದರೆ ಆ ಬೀದಿಯಲ್ಲಿ ಇನ್ನೂ ಹಲವರು ಚೆನ್ನಾಗಿಯೇ ಹೊಲಿಯುತ್ತಾರೆ. ಅವರ ಗಿರಾಕಿಗಳು ಹಿಂದಿನ ಟೈಲರ್ ಬಗ್ಗೆ ಹೇಳುತ್ತಿದ್ದ ದೂರು ಒಂದೇ. ನಾಳೆ ಬನ್ನಿ, ನಾಡಿದ್ದು ಬನ್ನಿ. ಮುಹೂರ್ತದ ಹಿಂದಿನ ದಿನವೂ ಬ್ಲೌಸ್ ಕೈಗೆ ಸಿಗುವುದಿಲ್ಲ. ಈಗ ಇವರು ರಸೀದಿಯ ಮೇಲೆ ತಾರೀಕು ಬರೆದು ಕೊಡುತ್ತಾರೆ, ತಪ್ಪಿದರೆ ಹೊಲಿಗೆಯ ಕೂಲಿ ಇಲ್ಲ. ಈ ಮಾತಿಗಾಗಿ ಮದುವೆ ಸೀಸನ್ನಿನಲ್ಲಿ ಬಂದ ಬಟ್ಟೆಯನ್ನೆಲ್ಲ ಒಪ್ಪಿಕೊಳ್ಳುವುದನ್ನು ನಿಲ್ಲಿಸಬೇಕಾಯಿತು. ಬಾಗಿಲಿಗೆ ಬಂದವರನ್ನು ವಾಪಸ್ ಕಳಿಸುವುದು ಅವರಿಗೆ ತುಂಬಾ ಕಷ್ಟವಾಯಿತು, ನನಗೆ ಅರ್ಥವಾಗುತ್ತದೆ. ಆದರೆ ಏನನ್ನೂ ಬಿಟ್ಟುಕೊಡದೆ ಕೊಡುವ ವಾಗ್ದಾನ ಸೀಸನ್ನಿನ ಮೊದಲ ವಾರದಲ್ಲೇ ಮುರಿದುಬೀಳುತ್ತದೆ.

ಬೆಲೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಡಿಮೆ ರೇಟನ್ನೇ ಮುಖ್ಯ ಕಾರಣ ಮಾಡಿಕೊಳ್ಳಬೇಡಿ. ನಿಮ್ಮ ಖರ್ಚು ನಿಜವಾಗಲೂ ಬೇರೆಯವರಿಗಿಂತ ಕಡಿಮೆ ಇದ್ದರೆ ಮಾತ್ರ ಅದು ನಡೆಯುತ್ತದೆ. ಮನೆಯವರ ಕೂಲಿ, ಸ್ವಂತ ಮಳಿಗೆಯ ಬಾಡಿಗೆ ಎರಡನ್ನೂ ಲೆಕ್ಕಕ್ಕೆ ಹಾಕಿ ನೋಡಿದರೆ ಹೆಚ್ಚಿನವರಿಗೆ ಹಾಗಿರುವುದಿಲ್ಲ.

ಇನ್ನು ಗಿರಾಕಿಯನ್ನು ಕೇಳುವ ರೀತಿ. "ನಮ್ಮದು ಹೇಗಿದೆ?" ಎಂದರೆ ನಮ್ಮ ಕಡೆಯವರು ಮುಖದ ಮೇಲೆ ಚೆನ್ನಾಗಿಲ್ಲ ಎಂದು ಹೇಳುವುದಿಲ್ಲ. "ಪರವಾಗಿಲ್ಲ, ಚೆನ್ನಾಗಿದೆ" ಅನ್ನುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. "ಮುಂದೆ ಇಂಥದ್ದು ತಂದರೆ ಕೊಳ್ಳುತ್ತೀರಾ?" ಎಂದು ಕೇಳಿದರೂ ಸುಮ್ನೆ ಹೂಂ ಅಂದುಬಿಡುತ್ತಾರೆ. ಆಗಿಹೋದದ್ದನ್ನು ಕೇಳಿ. ನಮ್ಮ ಹತ್ತಿರ ಬರುವ ಮೊದಲು ಎಲ್ಲಿ ತಗೋತಿದ್ರಿ? ಅಲ್ಲಿ ಯಾಕೆ ಬಿಟ್ರಿ? ಮೊನ್ನೆ ನಮ್ಮ ಅಂಗಡಿ ಬಾಗಿಲು ಹಾಕಿದ್ದಾಗ ಏನು ಮಾಡಿದ್ರಿ? ಉತ್ತರವನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ, ನಿಮ್ಮ ಮಾತಿಗೆ ತಿದ್ದಬೇಡಿ. ಒಂದೇ ಕಾರಣ ಮೂರು ನಾಲ್ಕು ಜನರ ಬಾಯಲ್ಲಿ ಬಂದರೆ ಅದನ್ನು ಹಿಡಿದುಕೊಂಡು ಕೆಲಸ ಶುರು ಮಾಡಬಹುದು.

ಬಿಟ್ಟುಹೋದ ಗಿರಾಕಿಗಳನ್ನೂ ಕೇಳಿ. ಫೋನ್ ಮಾಡಲು ಮುಜುಗರ ಆಗುತ್ತದೆ, ಆದರೂ ಮಾಡಿ. ವಾಪಸ್ ಬನ್ನಿ ಎಂದು ಒತ್ತಾಯಿಸಬೇಡಿ, ಈಗ ಎಲ್ಲಿ ತಗೋತಿದ್ದೀರಿ ಎಂದಷ್ಟೇ ಕೇಳಿ. ಅಂಗಡಿಯ ಹೆಸರು ಗೊತ್ತಾದರೆ ಒಂದು ಸಂಜೆ ಅಲ್ಲಿಗೆ ಹೋಗಿ, ದುಡ್ಡು ಕೊಟ್ಟು, ಗಿರಾಕಿಯಾಗಿ ಏನಾದರೂ ಕೊಂಡು ಬನ್ನಿ.