ಸ್ಟಾಪಿಂಗ್ ಡಿಸ್ಟೆನ್ಸ್: ಬ್ರೇಕ್ ಒತ್ತಿದ ಜಾಗದಲ್ಲೇ ಗಾಡಿ ನಿಲ್ಲುವುದಿಲ್ಲ

ಡ್ರೈವಿಂಗ್ ಸ್ಕೂಲಿನಲ್ಲಿ ಕ್ಲಚ್ ಕಲಿಸುತ್ತಾರೆ, ರಿವರ್ಸ್ ಕಲಿಸುತ್ತಾರೆ, ಬೈಕಿನವರಿಗೆ ಎಂಟು ಹಾಕಿಸುತ್ತಾರೆ. ಸ್ಟಾಪಿಂಗ್ ಡಿಸ್ಟೆನ್ಸ್ ಬಗ್ಗೆ ಮಾತ್ರ ಹೇಳಿಕೊಡುವವರು ಕಡಿಮೆ. ಆದರೆ ರಸ್ತೆ ದಾಟುವವರ ಜೀವ ನಿಂತಿರುವುದು ಜಾಸ್ತಿ ಇದರ ಮೇಲೆಯೇ.

ಯಾರೋ ಅಡ್ಡ ಬಂದದ್ದು ನಿಮ್ಮ ಕಣ್ಣಿಗೆ ಬಿದ್ದ ಕ್ಷಣದಿಂದ ಗಾಡಿ ಪೂರ್ತಿ ನಿಲ್ಲುವವರೆಗೆ ಅದು ಎಷ್ಟು ದೂರ ಹೋಗುತ್ತದೋ ಅದೇ ಸ್ಟಾಪಿಂಗ್ ಡಿಸ್ಟೆನ್ಸ್. ಇದರಲ್ಲಿ ಎರಡು ಭಾಗ ಇದೆ. ಮೊದಲನೆಯದು, ಕಣ್ಣು ನೋಡಿ, ತಲೆಗೆ ಅರ್ಥವಾಗಿ, ಕಾಲು ಬ್ರೇಕ್ ಮೇಲೆ ಬೀಳುವಷ್ಟರಲ್ಲಿ ಗಾಡಿ ಓಡಿಬಿಡುವ ದೂರ. ಚುರುಕಾಗಿರುವವರಿಗೂ ಇದಕ್ಕೆ ಹತ್ತಿರ ಹತ್ತಿರ ಒಂದು ಸೆಕೆಂಡ್ ಬೇಕು, ಸುಸ್ತಾಗಿದ್ದರೆ ಅಥವಾ ಫೋನ್ ಕಡೆ ಗಮನ ಇದ್ದರೆ ಇನ್ನೂ ಜಾಸ್ತಿ. ಎರಡನೆಯದು ಬ್ರೇಕ್ ಹಿಡಿದ ಮೇಲೆ ಸಾಗುವ ದೂರ.

ಈಗ ಲೆಕ್ಕ ನೋಡಿ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗುವ ಕಾರು ಆ ಒಂದು ಸೆಕೆಂಡಿನಲ್ಲಿ 8 ಮೀಟರ್ ಸಾಗುತ್ತದೆ. ಒಣಗಿದ, ಒಳ್ಳೆಯ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಮತ್ತೊಂದು 5 ಮೀಟರಿನಲ್ಲಿ ನಿಲ್ಲುತ್ತದೆ. ಒಟ್ಟು ಸುಮಾರು 13 ಮೀಟರ್. ಒಂದು ಸಿಟಿ ಬಸ್ಸಿನ ಉದ್ದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅದೇ ಕಾರು 50ರಲ್ಲಿದ್ದರೆ ಮೊದಲ ಸೆಕೆಂಡಿನಲ್ಲೇ ಸುಮಾರು 14 ಮೀಟರ್ ಹೋಗಿಬಿಡುತ್ತದೆ. ಅಂದರೆ 30ರ ಕಾರು ನಿಂತುಬಿಟ್ಟಿರುವ ಜಾಗದಲ್ಲಿ 50ರ ಕಾರಿನ ಬ್ರೇಕ್ ಇನ್ನೂ ಕೆಲಸವನ್ನೇ ಶುರು ಮಾಡಿರುವುದಿಲ್ಲ. ಅಲ್ಲಿ ಮಗು ನಿಂತಿದ್ದರೆ ಪೂರ್ತಿ 50ರ ವೇಗದಲ್ಲೇ ಹೋಗಿ ಗುದ್ದುತ್ತದೆ. ಈ ಲೆಕ್ಕ ಮನಸ್ಸಿಗೆ ಇಳಿದರೆ "ನನ್ನ ಕಂಟ್ರೋಲ್ ಚೆನ್ನಾಗಿದೆ, ನನಗೇನೂ ಆಗಲ್ಲ" ಅನ್ನುವ ಮಾತು ಬಾಯಿಗೆ ಬರುವುದಿಲ್ಲ.

ವೇಗ ಎರಡು ಪಟ್ಟಾದರೆ ಬ್ರೇಕಿನ ದೂರ ನಾಲ್ಕು ಪಟ್ಟಾಗುತ್ತದೆ. 30ರಲ್ಲಿ 5 ಮೀಟರ್ ಇದ್ದದ್ದು 60ರಲ್ಲಿ 20 ಮೀಟರ್. ಮೊದಲ ಸೆಕೆಂಡಿನ ಓಟವೂ ಸೇರಿದರೆ 36 ಮೀಟರ್ ದಾಟುತ್ತದೆ. ಮಳೆ ಬಂದಿದ್ದರೆ ಇದೂ ಸಾಲದು. ಮೊದಲ ಮಳೆಯ ದಿನ ರಸ್ತೆ ಮೇಲಿನ ಎಣ್ಣೆ, ಧೂಳು ನೀರಿನ ಜೊತೆ ಸೇರಿ ಟೈರ್ ಜಾರುತ್ತದೆ. ಎಬಿಎಸ್ ಇದೆಯಲ್ಲ ಅನ್ನಬೇಡಿ. ಚಕ್ರ ಲಾಕ್ ಆಗದಂತೆ, ಹ್ಯಾಂಡಲ್ ಕೈ ತಪ್ಪದಂತೆ ಅದು ನೋಡಿಕೊಳ್ಳುತ್ತದೆ. ಕಳೆದುಹೋದ ಆ ಒಂದು ಸೆಕೆಂಡನ್ನು ವಾಪಸ್ ತಂದುಕೊಡುವ ಶಕ್ತಿ ಅದಕ್ಕಿಲ್ಲ.

ರಸ್ತೆ ಸುರಕ್ಷತೆಯ ಜಾಗತಿಕ ಸಮ್ಮೇಳನದಲ್ಲಿ ಹೊರಬಂದ 2020ರ ಸ್ಟಾಕ್‌ಹೋಮ್ ಘೋಷಣೆ, ಜನ ಮತ್ತು ಗಾಡಿ ಬೆರೆಯುವ ರಸ್ತೆಗಳಲ್ಲಿ ವೇಗ 30 ದಾಟಬಾರದು ಎಂದು ಹೇಳಿದ್ದು ಸುಮ್ನೆ ಅಲ್ಲ. ನಮ್ಮಲ್ಲಿ 2018ರ ಕೇಂದ್ರದ ಅಧಿಸೂಚನೆ ನಗರ ವ್ಯಾಪ್ತಿಯಲ್ಲಿ ಕಾರಿಗೆ 70ರವರೆಗೆ ಬಿಟ್ಟಿತ್ತು, ರಾಜ್ಯಗಳು ಬೇಕಾದರೆ ಇಳಿಸಬಹುದಿತ್ತು. ಅದು ಗರಿಷ್ಠ ಮಿತಿ. ಮೆಜೆಸ್ಟಿಕ್ ಸುತ್ತಮುತ್ತ, ಕೆ.ಆರ್. ಮಾರ್ಕೆಟ್ ಮುಂದೆ, ಶಾಲೆ ಬಿಡುವ ಹೊತ್ತಿನಲ್ಲಿ ಬಡಾವಣೆಯ ರಸ್ತೆಯಲ್ಲಿ ಎಷ್ಟು ವೇಗ ಸರಿ ಅನ್ನುವುದನ್ನು ನೀವೇ ತೀರ್ಮಾನಿಸಬೇಕು. ನನ್ನ ಪ್ರಕಾರ 30 ಕೂಡ ಅಲ್ಲಿ ಜಾಸ್ತಿಯೇ.

ದಾಟುವವರ ಕಡೆಯಿಂದಲೂ ಒಮ್ಮೆ ಯೋಚಿಸಿ. ವಯಸ್ಸಾದ ಅಜ್ಜಿಯೊಬ್ಬರು ಸೆಕೆಂಡಿಗೆ ಒಂದು ಮೀಟರಿನಂತೆ ನಡೆದರೆ 7 ಮೀಟರ್ ಅಗಲದ ರಸ್ತೆ ದಾಟಲು 7 ಸೆಕೆಂಡ್ ಬೇಕು. ಅಷ್ಟರಲ್ಲಿ 50ರ ಗಾಡಿ ಹತ್ತಿರ ಹತ್ತಿರ 100 ಮೀಟರ್ ಬಂದಿರುತ್ತದೆ. ಅವರು ಕಾಲಿಟ್ಟಾಗ ರಸ್ತೆ ಖಾಲಿಯೇ ಇತ್ತು, ಅಲ್ವಾ? ಅವರದ್ದೇನೂ ತಪ್ಪಿಲ್ಲ. ಅಂಥವರನ್ನು ಕಂಡಾಗ ಹಾರ್ನ್ ಹೊಡೆಯಬೇಡಿ, ಗಾಬರಿಯಾಗಿ ನಡುರಸ್ತೆಯಲ್ಲಿ ನಿಂತುಬಿಡುತ್ತಾರೆ ಇಲ್ಲವೇ ಹಿಂದಕ್ಕೆ ಓಡುತ್ತಾರೆ. ಆಕ್ಸಿಲರೇಟರ್ ಬಿಟ್ಟು ಕಾಲನ್ನು ಬ್ರೇಕ್ ಮೇಲೆ ಇಟ್ಟುಕೊಳ್ಳಿ. ಕಾಲು ಮೊದಲೇ ಅಲ್ಲಿದ್ದರೆ ಆ ಒಂದು ಸೆಕೆಂಡಿನಲ್ಲಿ ಸ್ವಲ್ಪ ಉಳಿಯುತ್ತದೆ. ಊರೊಳಗೆ ನಾನು ಎಲ್ಲಕ್ಕಿಂತ ಮುಖ್ಯ ಅಂದುಕೊಂಡಿರುವ ಅಭ್ಯಾಸ ಇದು. ಸ್ಟಾಪಿನಲ್ಲಿ ಬಸ್ ನಿಂತಿದ್ದರೆ, ಆಟೋ ಸಾಲು ಇದ್ದರೆ, ತಳ್ಳುಗಾಡಿ ಸುತ್ತ ಜನ ಇದ್ದರೆ, ಯಾರೂ ಕಾಣದಿದ್ದರೂ ಕಾಲು ಬ್ರೇಕ್ ಮೇಲಿರಲಿ. ಬಸ್ಸಿನ ಮುಂದಿನಿಂದ ದಾಟುವವರಿಗೆ ನೀವು ಕಾಣುವುದಿಲ್ಲ, ನಿಮಗೆ ಅವರೂ ಕಾಣುವುದಿಲ್ಲ.

ಜೀಬ್ರಾ ಕ್ರಾಸಿಂಗ್ ವಿಷಯದಲ್ಲಿ ಕಾನೂನು ನೇರವಾಗಿದೆ. ಸಿಗ್ನಲ್ ಇಲ್ಲದ ಕ್ರಾಸಿಂಗ್ ಹತ್ತಿರ ಬಂದರೆ ನಿಧಾನ ಮಾಡಿ, ನಿಲ್ಲಿಸಿ, ನಡೆಯುವವರಿಗೆ ದಾರಿ ಬಿಡಬೇಕು ಎಂದು 2017ರ ಚಾಲನಾ ನಿಯಮಗಳು ಹೇಳುತ್ತವೆ. ಇಲ್ಲಿ ಒಂದು ಅಪಾಯ ಇದೆ. ನೀವು ಒಳ್ಳೆಯ ಮನಸ್ಸಿನಿಂದ ನಿಲ್ಲಿಸುತ್ತೀರಿ, ಹಿಂದಿನ ಬೈಕಿನವನು ಯಾಕೆ ನಿಲ್ಲಿಸಿದ್ದೀರಿ ಎಂದು ತಿಳಿಯದೆ ಪಕ್ಕದಿಂದ ನುಗ್ಗುತ್ತಾನೆ, ದಾಟುತ್ತಿರುವವರು ನಿಮ್ಮ ಕಾರಿನ ಮರೆಯಿಂದ ಸೀದಾ ಅವನ ಮುಂದೆ ಬರುತ್ತಾರೆ. ಅದಕ್ಕೇ ಏಕಾಏಕಿ ನಿಲ್ಲಿಸಬೇಡಿ. ಸ್ವಲ್ಪ ದೂರದಿಂದಲೇ ವೇಗ ಇಳಿಸಿ, ಬ್ರೇಕ್ ಲೈಟ್ ಹಿಂದಿನವರಿಗೆ ಕಾಣಲಿ, ಗೆರೆಗಿಂತ ತುಸು ಹಿಂದೆಯೇ ನಿಲ್ಲಿಸಿ, ಆಗ ದಾಟುವವರಿಗೂ ಪಕ್ಕದ ಲೇನ್ ಕಾಣುತ್ತದೆ. ಇನ್ನು ನಿಮ್ಮ ಮುಂದಿನ ಗಾಡಿ ಕಾರಣವಿಲ್ಲದೆ ನಿಂತಂತೆ ಕಂಡರೆ, ಅದರ ಮುಂದೆ ಯಾರೋ ದಾಟುತ್ತಿದ್ದಾರೆ ಎಂದೇ ತಿಳಿದು ನೀವೂ ನಿಲ್ಲಿಸಿ.