ಸಿಬಿಝಡ್ ಓದಿದವರು ಗಣಿತ ಶಿಕ್ಷಕರಾಗಬಹುದೇ?

ಹೊಸನಗರ ತಾಲ್ಲೂಕಿನ ಓದುಗರೊಬ್ಬರ ಪ್ರಶ್ನೆ: "ನನ್ನ ಮಗಳು ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ (ಸಿಬಿಝಡ್) ಓದಿ ಬಿ.ಇಡಿ. ಮುಗಿಸಿದ್ದಾಳೆ. ಎರಡು ವರ್ಷದಿಂದ ಊರಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ ಏಳನೆಯ ತರಗತಿಗೆ ಗಣಿತವನ್ನೂ ಹೇಳಿಕೊಡುತ್ತಿದ್ದಾಳೆ. ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ ಪಾಸಾದರೆ ಗಣಿತದ ಹುದ್ದೆಗೇ ಅರ್ಜಿ ಹಾಕಬಹುದಲ್ಲವೇ?"

ಹಾಕಲಾಗದು. ಆದರೆ ಆಕೆಗೆ ತಕ್ಕ ಬೇರೆ ಹುದ್ದೆ ಇದೆ.

ಶಿಕ್ಷಕರ ಅರ್ಹತೆಯನ್ನು ಎರಡು ಕಡೆ ನಿರ್ಧರಿಸಲಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 23ನೆಯ ಸೆಕ್ಷನ್‌ನಂತೆ ಕನಿಷ್ಠ ಅರ್ಹತೆಯನ್ನು ಗೊತ್ತುಪಡಿಸುವುದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ. 2010ರ ಆಗಸ್ಟ್ 23ರ ಅದರ ಅಧಿಸೂಚನೆಯಿಂದಲೇ 1ರಿಂದ 8ನೆಯ ತರಗತಿಯವರೆಗಿನ ಶಿಕ್ಷಕರಿಗೆ ಟಿಇಟಿ ಕಡ್ಡಾಯವಾಯಿತು. 6ರಿಂದ 8ನೆಯ ತರಗತಿಗೆ ಪದವಿ, ಬಿ.ಇಡಿ. ಮತ್ತು ಟಿಇಟಿ ಮೂರೂ ಇದ್ದರೆ ಈ ಕನಿಷ್ಠ ಅರ್ಹತೆ ಪೂರ್ಣವಾಗುತ್ತದೆ. ಪದವಿಯಲ್ಲಿ ಸಾಮಾನ್ಯವಾಗಿ ಶೇ 50 ಅಂಕ ಇರಬೇಕು, ಮೀಸಲಾತಿ ವರ್ಗಗಳಿಗೆ ಶೇ 5ರ ರಿಯಾಯಿತಿ ಇದೆ. ಆದರೆ ಯಾವ ವಿಷಯದ ಹುದ್ದೆಗೆ ಪದವಿಯಲ್ಲಿ ಯಾವ ಐಚ್ಛಿಕ ವಿಷಯಗಳನ್ನು ಓದಿರಬೇಕೆಂಬುದು ರಾಜ್ಯದ ನೇಮಕಾತಿ ನಿಯಮಗಳಲ್ಲಿರುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದು ಈ ಎರಡನೆಯ ಕಡೆಯಲ್ಲಿ.

ಪದವೀಧರ ಪ್ರಾಥಮಿಕ ಶಿಕ್ಷಕರ, ಅಂದರೆ ಜಿಪಿಟಿ ಹುದ್ದೆಗಳಲ್ಲಿ ಗಣಿತ ಮತ್ತು ವಿಜ್ಞಾನ ಒಂದು ಗುಂಪು, ಜೀವ ವಿಜ್ಞಾನ ಇನ್ನೊಂದು. ಇವಲ್ಲದೆ ಸಮಾಜ ಪಾಠಗಳು ಮತ್ತು ಇಂಗ್ಲಿಷ್ ಬೇರೆ. ಸಿಬಿಝಡ್ ಓದಿದ ನಿಮ್ಮ ಮಗಳ ದಾರಿ ಜೀವ ವಿಜ್ಞಾನದ್ದು. ಪ್ರೌಢಶಾಲೆಯಲ್ಲೂ ಹೀಗೆಯೇ: ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಪಿಸಿಎಂ ಹುದ್ದೆಯೇ ಬೇರೆ, ಸಿಬಿಝಡ್ ಹುದ್ದೆಯೇ ಬೇರೆ. ಅಲ್ಲಿ ಪದವಿ ಮತ್ತು ಬಿ.ಇಡಿ. ಸಾಕು, ಏಕೆಂದರೆ ಎನ್‌ಸಿಟಿಇ ಟಿಇಟಿಯನ್ನು ಕಡ್ಡಾಯ ಮಾಡಿರುವುದು 8ನೆಯ ತರಗತಿಯವರೆಗೆ ಮಾತ್ರ.

ಗೊಂದಲ ಹುಟ್ಟುವುದು ಟಿಇಟಿಯ ಎರಡನೆಯ ಪತ್ರಿಕೆಯಿಂದ, ಮತ್ತು ಅದು ಸಹಜವೂ ಹೌದು. ಈ ಪತ್ರಿಕೆಗೆ 150 ಅಂಕ: ಶಿಶು ವಿಕಸನ ಮತ್ತು ಬೋಧನಾಶಾಸ್ತ್ರಕ್ಕೆ 30, ಎರಡು ಭಾಷೆಗಳಿಗೆ ತಲಾ 30, ಉಳಿದ 60 ಅಂಕ ಗಣಿತ ಮತ್ತು ವಿಜ್ಞಾನಕ್ಕೆ ಅಥವಾ ಸಮಾಜ ವಿಜ್ಞಾನಕ್ಕೆ. ಜೀವ ವಿಜ್ಞಾನದ ಅಭ್ಯರ್ಥಿಗೆ ಪ್ರತ್ಯೇಕ ಪತ್ರಿಕೆ ಇಲ್ಲ; ಆಕೆ ಗಣಿತದ ಪ್ರಶ್ನೆಗಳನ್ನೂ ಬಿಡಿಸಲೇಬೇಕು. ಬೀಜಗಣಿತ, ಕ್ಷೇತ್ರಗಣಿತದ ಪ್ರಶ್ನೆಗಳನ್ನು ಬಿಡಿಸಿ 90 ಅಂಕ, ಅಂದರೆ ಶೇ 60 ದಾಟಿದ ಮೇಲೂ "ನೀನು ಗಣಿತ ಶಿಕ್ಷಕಿಯಲ್ಲ" ಎಂದರೆ ಯಾರಿಗಾದರೂ ಬೇಸರವಾಗುತ್ತದೆ. ಆದರೆ ಟಿಇಟಿ ಅಳೆಯುವುದು ಆ ಹಂತದ ಮಕ್ಕಳಿಗೆ ಕಲಿಸುವ ಸಾಮಾನ್ಯ ಅರ್ಹತೆಯನ್ನು. ಅದರ ಪ್ರಮಾಣಪತ್ರಕ್ಕೆ ಈಗ ಜೀವಿತಾವಧಿಯ ಮಾನ್ಯತೆ ಇದೆ. 2021ಕ್ಕೆ ಮುಂಚೆ ಏಳು ವರ್ಷಗಳ ಮಿತಿಯಿತ್ತು.

ನಾನು ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯನಾಗಿದ್ದಾಗ ಒಮ್ಮೆ ಶಿವಮೊಗ್ಗದಲ್ಲಿ ದಾಖಲೆ ಪರಿಶೀಲನೆ ನಡೆಯುವಲ್ಲಿಗೆ ಹೋಗಿದ್ದೆ. ಆಷಾಢದ ಮಳೆ. ಘಟ್ಟದ ಕಡೆಯಿಂದ ಬಂದಿದ್ದ ಹುಡುಗಿಯೊಬ್ಬಳು ಅಡಿಕೆ ಚೀಲದೊಳಗಿನ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ತಂದಿದ್ದ ಅಂಕಪಟ್ಟಿಗಳನ್ನು ಒಂದೊಂದಾಗಿ ಬಿಡಿಸಿಟ್ಟಳು. ಪರಿಶೀಲಿಸುವವರು ಒಟ್ಟು ಅಂಕವನ್ನೂ ದರ್ಜೆಯನ್ನೂ ಆಮೇಲೆ ನೋಡಿದರು. ಅವರ ಬೆರಳು ಮೊದಲು ಹೋದದ್ದು ಐಚ್ಛಿಕ ವಿಷಯಗಳ ಸಾಲಿಗೆ. ಬಿ.ಇಡಿ.ಯ ಬೋಧನಾ ವಿಧಾನದ ವಿಷಯಗಳನ್ನೂ ಅದೇ ಸಾಲಿಗೆ ತಾಳೆ ಹಾಕಿದರು. ಹದಿನೆಂಟನೆಯ ವಯಸ್ಸಿನಲ್ಲಿ, ಬಸ್ಸು ಸಿಗುವ ಕಾಲೇಜಿನಲ್ಲಿ ಯಾವ ಕಾಂಬಿನೇಷನ್ ಇತ್ತೋ ಅದನ್ನು ಆರಿಸಿಕೊಂಡವರ ಪಾಲಿಗೆ ಈ ನಿಯಮ ಕಠಿಣವೆಂದು ನನಗನಿಸುತ್ತದೆ. ಆದರೂ ನಿಯಮ ಇರುವುದು ಹಾಗೆ. ಗಣಿತದ ಹುದ್ದೆಯೇ ಬೇಕೆಂದರೆ ಗಣಿತವನ್ನು ಐಚ್ಛಿಕವಾಗಿ ಓದಿದ ಪದವಿ ಬೇಕು.

2021-22ರಿಂದ ಮೂರು ವರ್ಷ ಪದವಿಗೆ ಸೇರಿದವರು ಹೊಸ ಶಿಕ್ಷಣ ನೀತಿಯಂತೆ ಎರಡೇ ಮುಖ್ಯ ವಿಷಯಗಳನ್ನು ಓದಿದ್ದಾರೆ. 2024-25ರಿಂದ ರಾಜ್ಯ ಮೂರು ವಿಷಯಗಳ ಪದ್ಧತಿಗೆ ಮರಳಿತು. ಆ ನಡುವಿನವರು ಅರ್ಜಿ ಹಾಕುವ ಮುನ್ನ ಅಧಿಸೂಚನೆಯ ವಿಷಯವಾರು ಅರ್ಹತೆಯ ಪುಟವನ್ನು ತಮ್ಮ ಅಂಕಪಟ್ಟಿಯ ಪಕ್ಕದಲ್ಲಿಟ್ಟುಕೊಂಡು ಓದಬೇಕು.

ಕಾಲುಸಂಕ ದಾಟಿ ಹೋಗಬೇಕಾದ ನಮ್ಮ ಕಡೆಯ ಚಿಕ್ಕ ಶಾಲೆಗಳಲ್ಲಿ ಹೆಚ್ಚಿನವು ಕಿರಿಯ ಪ್ರಾಥಮಿಕ ಶಾಲೆಗಳಾದ್ದರಿಂದ, ಅಲ್ಲಿಯಾದರೂ ಅವಕಾಶವಿದೆಯೇ ಎಂದು ನೀವು ಮುಂದೆ ಕೇಳಬಹುದು. 1ರಿಂದ 5ನೆಯ ತರಗತಿಗೆ ಡಿ.ಇಡಿ. ಬೇಕು. ಬಿ.ಇಡಿ. ಆದವರಿಗೂ ಅಲ್ಲಿ ಅವಕಾಶ ಕೊಟ್ಟಿದ್ದ 2018ರ ಅಧಿಸೂಚನೆಯನ್ನು ಸುಪ್ರೀಂ ಕೋರ್ಟ್ 2023ರ ಆಗಸ್ಟ್ 11ರಂದು ತಳ್ಳಿಹಾಕಿತು.

ಮಗಳು ಈಗ ಗಣಿತ ಹೇಳಿಕೊಡುತ್ತಿರುವುದರಲ್ಲಿ ತಪ್ಪೇನೂ ಇಲ್ಲ. ಶಿಕ್ಷಕರಿಲ್ಲದ ಶಾಲೆಯಲ್ಲಿ ಇದ್ದವರು ಇದ್ದ ಪಾಠ ಮಾಡುತ್ತಾರೆ. ಆ ಅನುಭವ ಟಿಇಟಿಯ ಗಣಿತ ಭಾಗಕ್ಕೆ ಖಂಡಿತ ನೆರವಾಗುತ್ತದೆ. ಅರ್ಜಿಯಲ್ಲಿ ಮಾತ್ರ ಜೀವ ವಿಜ್ಞಾನ ಎಂದೇ ತುಂಬಲು ಹೇಳಿ.