ಏಪ್ರಿಲ್ ತಿಂಗಳ ಅಳಿವೆಯಲ್ಲಿ ವಲಸೆ ಹಕ್ಕಿ ನೋಡುವ ಬಗೆ

ಕರಾವಳಿಯ ಮರಳುದಂಡೆಯಲ್ಲಿ ಡಿಸೆಂಬರ್‌ನಲ್ಲಿ ಕಾಣುವ ಪುಟ್ಟ ಹಕ್ಕಿಗಳೆಲ್ಲ ಹೆಚ್ಚುಕಡಿಮೆ ಒಂದೇ ಬಣ್ಣ: ಮೇಲೆ ಬೂದುಗಂದು, ಕೆಳಗೆ ಬಿಳಿ. ಇವುಗಳ ಹೆಸರು ಹಿಡಿಯಲಾಗದೆ ಕೈಬಿಟ್ಟವರು ಬಹಳ ಜನ. ಅವೇ ಹಕ್ಕಿಗಳನ್ನು ಏಪ್ರಿಲ್‌ನಲ್ಲಿ ನೋಡಬೇಕು. ಆಗ ಕರ್ಲ್ಯೂ ಸ್ಯಾಂಡ್‌ಪೈಪರ್‌ನ ಎದೆ, ಹೊಟ್ಟೆ ಇಟ್ಟಿಗೆಗೆಂಪು. ಗ್ರೇ ಪ್ಲವರ್‌ಗೆ ಕೆನ್ನೆಯಿಂದ ಹೊಟ್ಟೆಯವರೆಗೆ ಕಪ್ಪು. ಸ್ಯಾಂಡ್ ಪ್ಲವರ್‌ಗಳ ಎದೆಗೆ ಕಿತ್ತಳೆಗಂದು ಪಟ್ಟಿ. ಉತ್ತರಕ್ಕೆ ಹೊರಡುವ ಮುಂಚಿನ ಈ ನಾಲ್ಕಾರು ವಾರದಲ್ಲಿ ಅವುಗಳನ್ನು ಗುರುತಿಸುವುದು ಸುಲಭ. ಅವುಗಳಿಗೆ ತೊಂದರೆ ಕೊಡಬಾರದ ಕಾಲವೂ ಇದೇ.

ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಕಡಲು ಸೇರುವ ಅಳಿವೆ ಇದಕ್ಕೆ ಒಳ್ಳೆಯ ಜಾಗ. 2024ರಲ್ಲಿ ಇದು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಇಳಿತದಲ್ಲಿ ತೆರೆದುಕೊಳ್ಳುವ ಕೆಸರುಬಯಲು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ಉಪ್ಪುನೀರು ನುಗ್ಗುವ ತಗ್ಗಿನ ಗಜನಿ ಗದ್ದೆಗಳು, ಸಾಣಿಕಟ್ಟಾದ ಉಪ್ಪಿನ ಆಗರ, ಎಲ್ಲವೂ ಹತ್ತಿರ ಹತ್ತಿರ ಇವೆ. ಹಕ್ಕಿಗಳು ನೀರಿನ ಮಟ್ಟ ನೋಡಿಕೊಂಡು ಇವುಗಳ ನಡುವೆ ಓಡಾಡುತ್ತವೆ.

ಇಲ್ಲಿಗೆ ಹೋಗುವ ಹೊತ್ತನ್ನು ಉಬ್ಬರ-ಇಳಿತ ನೋಡಿಯೇ ನಿರ್ಧರಿಸಬೇಕು. ಪೂರ್ತಿ ಇಳಿತದಲ್ಲಿ ಹೋದರೆ ಹಕ್ಕಿಗಳು ಕೆಸರುಬಯಲಿನ ಆಚೆ ತುದಿಯವರೆಗೆ ಚದುರಿ ಚುಕ್ಕೆಗಳಾಗಿರುತ್ತವೆ. ಉಬ್ಬರ ತುಂಬುವುದಕ್ಕೆ ಎರಡೂವರೆ ಗಂಟೆ ಮುಂಚೆ ಹೋಗಿ ಒಂದು ಕಡೆ ಕುಳಿತರೆ, ನೀರು ಏರಿದಂತೆ ಮೇಯುವ ಜಾಗ ಕಿರಿದಾಗಿ ಹಕ್ಕಿಗಳು ತಾವೇ ನಿಮ್ಮತ್ತ ಬರುತ್ತವೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುವುದರಿಂದ, ಬೆಳಿಗ್ಗೆ ಒಂಬತ್ತರ ಸುಮಾರಿಗೆ ತುಂಬುವ ದಿನಗಳನ್ನು ಉಬ್ಬರ-ಇಳಿತದ ಸಮಯದ ಕೋಷ್ಟಕದಲ್ಲಿ ಹುಡುಕಿಕೊಳ್ಳಿ. ಕಾರವಾರ ಬಂದರಿನ ಸಮಯ ಹತ್ತಿರದ ಅಂದಾಜು ಕೊಡುತ್ತದೆ. ಅಳಿವೆಯ ಒಳಭಾಗಕ್ಕೆ ನೀರು ತಲುಪುವುದು ಅದಕ್ಕಿಂತ ತಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದೊಡ್ಡ ಉಬ್ಬರಕ್ಕೆ ಮರಳುದಿಬ್ಬಗಳು ಮುಳುಗಿ ಹಕ್ಕಿಗಳು ಗಜನಿ ಬದುಗಳಿಗೂ ಆಗರಕ್ಕೂ ಬರುತ್ತವೆ. ಅಷ್ಟಮಿಯ ಹೊತ್ತಿನ ಸಣ್ಣ ಉಬ್ಬರದಲ್ಲಿ ದಿಬ್ಬದ ಮೇಲೆಯೇ ಉಳಿಯಬಹುದು. ಮರಳುದಿಬ್ಬಕ್ಕೆ ನಡೆದು ಹೋಗುವ ಯೋಚನೆ ಬೇಡ. ಎದುರಿನ ನೀರು ದೂರ ಇರುವಾಗಲೇ ಬೆನ್ನ ಹಿಂದಿನ ಕಾಲುವೆ ತುಂಬಿ ದಾರಿ ಕಟ್ಟಿಬಿಡುತ್ತದೆ.

ಬೆಳಗಿನ ಹೊತ್ತು ಸೂರ್ಯ ಬೆನ್ನಿಗಿರಲಿ. ಸಂಜೆ ಪಡುವಣಕ್ಕೆ ನೋಡಿದರೆ ಕಾಣುವುದು ಬರೀ ಕಪ್ಪು ಆಕೃತಿಗಳು. ಬೈನಾಕ್ಯುಲರ್ 8x42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಲೆನ್ಸಿನದು) ಸಾಕು. ದೂರದ ಗುಂಪಿಗೆ 20-60 ಪಟ್ಟು ಹಿಗ್ಗಿಸುವ ಸ್ಪಾಟಿಂಗ್ ಸ್ಕೋಪ್ (ಟ್ರೈಪಾಡ್ ಮೇಲಿಡುವ ದೂರದರ್ಶಕ) ಬೇಕಾಗುತ್ತದೆ. ಆದರೆ ಏಪ್ರಿಲ್ ಬಿಸಿಲಿಗೆ ಒಂಬತ್ತೂವರೆಯ ಹೊತ್ತಿಗೇ ಮರಳಿನ ಮೇಲಿನ ಗಾಳಿ ಕುದಿಯತೊಡಗುತ್ತದೆ. ಆಗ 60ಕ್ಕೆ ತಿರುಗಿಸಿದರೆ ಕದಡಿದ ಚಿತ್ರವೇ ದೊಡ್ಡದಾಗುತ್ತದೆ, ವಿವರ ಕಾಣುವುದಿಲ್ಲ. 20-30ರಲ್ಲೇ ನಿಲ್ಲಿಸಿ. ಗಾಳಿಗೆ ಅಲುಗದಂತೆ ಟ್ರೈಪಾಡ್‌ನ ಕಾಲುಗಳನ್ನು ಗಿಡ್ಡ ಮಾಡಿ ಕುಳಿತು ನೋಡಿ. ಲೆನ್ಸಿನ ಮೇಲೆ ಮರಳು ಕೂತರೆ ಮೊದಲು ಊದಿ ಹಾರಿಸಿ, ಆಮೇಲೆ ಒದ್ದೆ ಬಟ್ಟೆಯಲ್ಲಿ ಉಪ್ಪು ಒರೆಸಿ. ಒಣಗಿದ್ದಾಗ ಉಜ್ಜಿದರೆ ಗೀರು ಬೀಳುತ್ತದೆ.

ಹೆಸರು ಹುಡುಕುವಾಗ ಬಣ್ಣಕ್ಕಿಂತ ಮೊದಲು ಮೇಯುವ ರೀತಿ ನೋಡಿ. ಪ್ಲವರ್‌ಗಳು ಕಣ್ಣಿನಿಂದ ಬೇಟೆ ಹುಡುಕುತ್ತವೆ: ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ಒಮ್ಮೆ ಕುಕ್ಕುತ್ತವೆ. ಸ್ಯಾಂಡ್‌ಪೈಪರ್‌ಗಳು ಹೊಲಿಗೆ ಯಂತ್ರದ ಸೂಜಿಯಂತೆ ಕೆಸರನ್ನು ಒಂದೇ ಸಮನೆ ಚುಚ್ಚುತ್ತವೆ. ಅವುಗಳ ಕೊಕ್ಕಿನ ತುದಿಯ ಮೂಳೆಯಲ್ಲಿ ಸಣ್ಣ ಕುಳಿಗಳಿದ್ದು, ಅದರೊಳಗಿನ ನರತುದಿಗಳು ಕೆಸರಿನಲ್ಲಿ ಹುಳು ಅಲುಗಾಡಿದ್ದನ್ನೂ ಒತ್ತಡದ ಏರುಪೇರನ್ನೂ ಗ್ರಹಿಸುತ್ತವೆ. ಪೂರ್ತಿ ಬಾಯಿ ತೆರೆಯದೆ ಮೇಲ್ಕೊಕ್ಕಿನ ತುದಿಯನ್ನಷ್ಟೇ ಎತ್ತಿ ಹುಳುವನ್ನು ಹಿಡಿಯಬಲ್ಲವು. ಅಲೆಯ ಅಂಚಿನಲ್ಲೇ ಹಿಂದೆ ಮುಂದೆ ಓಡುವ ಬೆಳ್ಳನೆಯದು ಸ್ಯಾಂಡರ್ಲಿಂಗ್.

ಎಲ್ಲರನ್ನೂ ಕಾಡುವ ಜೋಡಿ ಸಣ್ಣ ಮತ್ತು ದೊಡ್ಡ ಸ್ಯಾಂಡ್ ಪ್ಲವರ್. ದೊಡ್ಡದರ ಕೊಕ್ಕು ಉದ್ದ: ಅದನ್ನು ಮನಸ್ಸಿನಲ್ಲೇ ಹಿಂದಕ್ಕೆ ಮಡಚಿದರೆ ಕಣ್ಣಿನ ಹಿಂಬದಿಯನ್ನು ಮುಟ್ಟುತ್ತದೆ ಅಥವಾ ದಾಟುತ್ತದೆ. ಕಾಲು ಹಸಿರುಹಳದಿ. ಸಣ್ಣದರ ಕೊಕ್ಕು ಗಿಡ್ಡ, ಕಾಲು ಗಾಢ ಬೂದು. ಕಾಲಿಗೆ ಕೆಸರು ಮೆತ್ತಿದ್ದರೆ ಬಣ್ಣವನ್ನು ನಂಬಬೇಡಿ. ಸಣ್ಣ ಸ್ಯಾಂಡ್ ಪ್ಲವರ್ ಅನ್ನು 2023ರಲ್ಲಿ ಟಿಬೆಟನ್ ಮತ್ತು ಸೈಬೀರಿಯನ್ ಎಂದು ಎರಡು ಪ್ರಭೇದಗಳಾಗಿ ವಿಂಗಡಿಸಿದರು. ಹಿಮಾಲಯದಾಚೆಯ ಎತ್ತರದ ಬಯಲುಗಳಲ್ಲಿ ಮರಿ ಮಾಡುವ ಟಿಬೆಟನ್ ಪ್ರಭೇದವೇ ನಮ್ಮ ಪಶ್ಚಿಮ ಕರಾವಳಿಯದು.

ಇನ್ನು ಹೊಟ್ಟೆ ನೋಡಿ. ಕರ್ಲ್ಯೂ ಸ್ಯಾಂಡ್‌ಪೈಪರ್ ಚಳಿಗಾಲದಲ್ಲಿ 50-60 ಗ್ರಾಂ ತೂಗುತ್ತದೆ, ಸೈಬೀರಿಯಾದ ಟುಂಡ್ರಾಕ್ಕೆ ಹೊರಡುವ ಮುಂಚೆ 80 ಗ್ರಾಂ ದಾಟಬಲ್ಲದು. ಸೇರಿದ್ದರಲ್ಲಿ ಹೆಚ್ಚಿನದು ಕೊಬ್ಬು. ಗ್ರಾಂ ಕೊಬ್ಬಿಗೆ ಸುಮಾರು 9 ಕಿಲೋಕ್ಯಾಲೊರಿ, ಪಿಷ್ಟಕ್ಕೆ 4. ಮೇಲಾಗಿ ಕೊಬ್ಬು ಪಿಷ್ಟದ ಹಾಗೆ ತನ್ನ ಜೊತೆಗೆ ನೀರಿನ ಭಾರವನ್ನು ಹೊರಿಸುವುದಿಲ್ಲ. ಪಕ್ಕದಿಂದ ನೋಡಿದಾಗ ಕಾಲು ಮತ್ತು ಬಾಲದ ನಡುವೆ ಹೊಟ್ಟೆ ಜೋತುಬಿದ್ದಿದ್ದರೆ ಹಕ್ಕಿ ಪಯಣಕ್ಕೆ ಸಿದ್ಧವಾಗಿದೆ. ಸಪಾಟಾಗಿದ್ದರೆ ಇನ್ನೂ ಮೇಯಬೇಕು.

ಅಂಥ ಹಕ್ಕಿಯನ್ನು ಎಬ್ಬಿಸಿದರೆ ಕೂಡಿಟ್ಟ ಕೊಬ್ಬು ಸುಟ್ಟುಹೋಗುತ್ತದೆ, ಮೇಯುವ ಹೊತ್ತೂ ಹಾಳು. ಉಬ್ಬರದಲ್ಲಿ ಒತ್ತಾಗಿ ನಿಂತು ವಿಶ್ರಮಿಸುವ ಗುಂಪಿನಿಂದ ಕನಿಷ್ಠ 100 ಮೀಟರ್ ದೂರವಿರಿ. ಹಕ್ಕಿಗಳು ಮೇಯುವುದನ್ನು ಬಿಟ್ಟು ಕತ್ತೆತ್ತಿದರೆ ಆಗಲೇ ಹತ್ತಿರವಾದಿರಿ ಎಂದು ಅರ್ಥ, ಹಿಂದೆ ಸರಿಯಿರಿ. ಉದ್ದನೆಯ ಬಾಗಿದ ಕೊಕ್ಕಿನ ದೊಡ್ಡ ಹಕ್ಕಿಗಳಾದ ವಿಂಬ್ರೆಲ್ ಮತ್ತು ಕರ್ಲ್ಯೂ ಎಲ್ಲಕ್ಕಿಂತ ಮೊದಲು ಬೆದರುತ್ತವೆ, ಅವು ಕೂಗಿ ಹಾರಿದರೆ ಉಳಿದವೂ ಏಳುತ್ತವೆ. ಹಾರುವ ಗುಂಪಿನ ಫೋಟೊಗಾಗಿ ಬೇಕೆಂದೇ ಓಡಿಸುವುದು ಅಕ್ಷಮ್ಯ. ದಂಡೆಯ ಮೇಲೆ ವಾಹನ, ಡ್ರೋನ್, ಬಿಟ್ಟ ನಾಯಿ ಯಾವುದೂ ಬೇಡ.

ಮೇ ನಡುವೆಯೂ ಬೂದು ಬಣ್ಣದಲ್ಲೇ ಇರುವ ಕೆಲವು ಹಕ್ಕಿಗಳು ಕಾಣುತ್ತವೆ. ಅವಕ್ಕೆ ಕಾಯಿಲೆಯೇನಿಲ್ಲ. ಹೆಚ್ಚಿನವು ಹಿಂದಿನ ವರ್ಷ ಹುಟ್ಟಿದ ಮರಿಗಳು, ಆ ವರ್ಷ ಗೂಡು ಕಟ್ಟದೆ ಮಳೆಗಾಲವನ್ನು ಇಲ್ಲೇ ಕಳೆಯುತ್ತವೆ.

ಕೆಲವು ಹಕ್ಕಿಗಳ ಕಾಲಿಗೆ, ವಲಸೆಯ ಜಾಡು ಹಿಡಿಯಲು ಸಂಶೋಧಕರು ತೊಡಿಸಿದ ಬಣ್ಣದ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ. ಯಾವ ಕಾಲು, ಮಂಡಿಯಂತೆ ಕಾಣುವ ಗಂಟಿನ ಮೇಲೋ ಕೆಳಗೋ, ಬಣ್ಣ ಯಾವುದು, ಅಕ್ಷರಗಳೇನು, ಲೋಹದ ಬಳೆ ಎಲ್ಲಿದೆ, ಇಷ್ಟನ್ನು ಸ್ಥಳ ಮತ್ತು ದಿನಾಂಕದ ಜೊತೆ ಬರೆದುಕೊಂಡು ಮುಂಬೈನ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿ. ಅಕ್ಷರ ಓದಲಾಗದಿದ್ದರೂ ಬಣ್ಣದ ಜೋಡಣೆಯಿಂದಲೇ ಪಟ್ಟಿ ತೊಡಿಸಿದ ಪ್ರದೇಶ ಗೊತ್ತಾಗುವುದರಿಂದ, ಮಸುಕು ಫೋಟೊವನ್ನೂ ಅಳಿಸಬೇಡಿ.